ಹಿಡಿಯಿಲ್ಲದ ಅರ



ಈ ದತ್ತಿ ಉಪನ್ಯಾಸ ಒಬ್ಬ ಮೆಕ್ಯಾನಿಕ್‌ನ ನೆನಪಿನದು. ಹಗಲೆಲ್ಲ ಗ್ಯಾರೇಜು, ಕತ್ತಲಾದ ಮೇಲೆ ಹೆಂಡತಿ ಮಕ್ಕಳು, ಭಾನುವಾರ ಬಂತೆಂದರೆ ಆ ಮಕ್ಕಳನ್ನು ಕಟ್ಟಿಕೊಂಡು ಗುಡ್ಡ, ಹೊಳೆದಂಡೆ. ಅವರ ಬದುಕು ಅಷ್ಟೇ ಇತ್ತು, ಅಷ್ಟರಲ್ಲೇ ತುಂಬಿತ್ತು. ಅವರ ಮಕ್ಕಳು ನನ್ನನ್ನು ಕರೆಯಲು ಮನೆಗೆ ಬಂದಿದ್ದಾಗ ಒಂದು ಮಾತು ಹೇಳಿದರು: “ಸಾರ್, ಅಪ್ಪನನ್ನು ಹೊಗಳಬೇಡಿ, ಅವರಿಗೆ ಸಂಕೋಚ ಆಗುತ್ತಿತ್ತು. ಅವರ ಹಾಗೆ ಇದ್ದ ಇನ್ನೊಬ್ಬರ ಕಥೆ ಹೇಳಿ.” ಯಾರ ಕಥೆ ಹೇಳಬೇಕೆಂದು ನಾನು ಯೋಚಿಸಬೇಕಾಗಲಿಲ್ಲ. ಮೂವತ್ತು ವರ್ಷ ಫಿಟ್ಟರ್ ಟ್ರೇಡಿನ ಹುಡುಗರಿಗೆ ಮೊದಲ ದಿನ ಹೇಳುತ್ತ ಬಂದ ಕಥೆಯೇ ನಾಲಿಗೆಯ ತುದಿಯಲ್ಲಿತ್ತು.

ನಮ್ಮ ವರ್ಕ್‌ಶಾಪಿನಲ್ಲಿ ಹೊಸ ಹುಡುಗರ ಕೈಗೆ ಅರ ಕೊಡುವ ಮುಂಚೆ ಒಂದು ಕಟ್ಟಪ್ಪಣೆ ಇರುತ್ತದೆ: ಹಿಡಿಯಿಲ್ಲದ ಅರ ಮುಟ್ಟಬಾರದು. ಅರದ ಹಿಂಬದಿಗೆ ಚೂಪಾದ ಮೊನೆಯೊಂದಿರುತ್ತದೆ, ಟ್ಯಾಂಗ್ ಅನ್ನುತ್ತೇವೆ. ಅದು ಯಾವಾಗಲೂ ಮರದ ಹಿಡಿಯೊಳಗೆ ಮುಚ್ಚಿಕೊಂಡೇ ಇರಬೇಕು. ಯಾಕೆ ಎಂದು ಕೇಳುವ ಹುಡುಗನಿಗೆ ನಾನು ಕೊಡುತ್ತಿದ್ದ ಉತ್ತರವೇ ಜಾನ್ ಮ್ಯೂರ್. ಅವನನ್ನು ಏಕವಚನದಲ್ಲೇ ಕರೆಯುತ್ತೇನೆ. ಪಕ್ಕದ ವೈಸಿನ ಮುಂದೆ ನಿಂತು ಕೆಲಸ ಮಾಡಿದವರನ್ನು ನಾವು ಹಾಗೆಯೇ ಕರೆಯುವುದು.

1867ರ ಮಾರ್ಚ್ ತಿಂಗಳು. ಅಮೆರಿಕದ ಇಂಡಿಯಾನಾಪೊಲಿಸ್ ಊರಿನಲ್ಲಿ ಕುದುರೆಗಾಡಿಯ ಗಾಲಿ ಮತ್ತು ಬಿಡಿಭಾಗ ಮಾಡುವ ಕಾರ್ಖಾನೆ. ಅಲ್ಲಿನ ಯಂತ್ರಗಳೆಲ್ಲ ಓಡುತ್ತಿದ್ದದ್ದು ಮೇಲಿನ ಒಂದೇ ಶಾಫ್ಟಿನಿಂದ ಇಳಿದುಬರುವ ಚರ್ಮದ ಬೆಲ್ಟುಗಳ ಮೇಲೆ. ಹೊಸ ಬೆಲ್ಟು ಓಡಿದಂತೆಲ್ಲ ಹಿಗ್ಗುತ್ತದೆ. ಆಗ ಹೊಲಿಗೆ ಬಿಚ್ಚಿ, ಗಿಡ್ಡ ಮಾಡಿ, ಮತ್ತೆ ಹೊಲಿಯಬೇಕು. 28 ವರ್ಷದ ಮ್ಯೂರ್ ಆ ಸಂಜೆ ಅದೇ ಕೆಲಸ ಮಾಡುತ್ತಿದ್ದ. ಬಿಗಿದ ಚರ್ಮದ ದಾರವನ್ನು ಸಡಿಲಿಸಲು ಅರದ ಮೊನೆಯನ್ನೇ ಒಳಗೆ ತೂರಿಸಿ ಮೀಟಿದ. ಅದು ಜಾರಿತು, ಚಿಮ್ಮಿ ಬಂದು ಬಲಗಣ್ಣಿಗೆ ಚುಚ್ಚಿತು. ಕಿಟಕಿಯ ಹತ್ತಿರ ಹೋಗಿ ಕಣ್ಣಿನ ಕೆಳಗೆ ಅಂಗೈ ಒಡ್ಡಿದರೆ, ಕಣ್ಣೊಳಗಿನ ನೀರು ಅಂಗೈಗೆ ತೊಟ್ಟಿಕ್ಕಿತು. ಕೆಲವೇ ಗಂಟೆಗಳಲ್ಲಿ ಪೆಟ್ಟು ಬೀಳದ ಎಡಗಣ್ಣೂ ಬಲಗಣ್ಣಿನ ನೋವಿಗೆ ಮಿಡಿದು ಮಂಕಾಯಿತು. ಪೂರ್ತಿ ಕತ್ತಲು.

ಹುಡುಗರಿಗೆ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಿದ್ದೆ. ಅವರು ಆಮೇಲೆ ವರ್ಷಪೂರ್ತಿ ಹಿಡಿಯಿಲ್ಲದ ಅರ ಮುಟ್ಟುತ್ತಿರಲಿಲ್ಲ. ಇವತ್ತು ಇಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗಬೇಕಾಗಿದೆ.

ಕ್ಯಾಲಿಫೋರ್ನಿಯಾದ ಯೋಸೆಮಿಟಿ ಕಣಿವೆಯ ಚಿತ್ರವನ್ನು ನೋಡಿದವರು ನಿಮ್ಮಲ್ಲಿ ಹಲವರಿರಬಹುದು. ಆ ಕಣಿವೆಯ ಸುತ್ತ 1890ರಲ್ಲಿ ರಾಷ್ಟ್ರೀಯ ಉದ್ಯಾನ ಆಗುವಂತೆ ಬರೆದು, ಮಾತಾಡಿ, ಹೋರಾಡಿದವನು ಇದೇ ಮ್ಯೂರ್. 1892ರಲ್ಲಿ ಸಿಯೆರಾ ಕ್ಲಬ್ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷನಾದ, ಸಾಯುವವರೆಗೂ ಅಧ್ಯಕ್ಷನಾಗಿದ್ದ. ಹೀಗಾಗಿ ಅವನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಹೇಳುವ ರೀತಿಯೊಂದಿದೆ: ಒಬ್ಬ ಯಂತ್ರದ ಮನುಷ್ಯನಿದ್ದ, ಕಣ್ಣಿಗೆ ಪೆಟ್ಟು ಬಿತ್ತು, ಯಂತ್ರ ಬಿಟ್ಟ, ಕಾಡಿನ ಮನುಷ್ಯನಾದ. ಕೇಳಲು ಚೆನ್ನಾಗಿದೆ. ಕೈಕೆಲಸ ಮಾಡಿ ಬದುಕಿದ ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಯಂತ್ರದ ಮುಂದೆ ಕಲಿತ ಗಮನವನ್ನು ಅವನು ಕಾಡಿಗೆ ಹೊತ್ತುಕೊಂಡು ಹೋದ ಎಂಬುದು ನನ್ನ ನಂಬಿಕೆ. ಅವನ ಕರುಣೆ ಕೂಡ ಅದೇ ಗಮನದಿಂದ ಬಂದದ್ದು. ಇವತ್ತು ನಾನು ಹೇಳಲು ಬಂದದ್ದು ಇದನ್ನೇ.

ಸ್ಕಾಟ್ಲೆಂಡಿನ ಡನ್‌ಬಾರ್ ಎಂಬ ಕಡಲತಡಿಯ ಊರಿನಲ್ಲಿ 1838ರ ಏಪ್ರಿಲ್ 21ರಂದು ಹುಟ್ಟಿದವನು. ಹನ್ನೊಂದು ತುಂಬುವ ಹೊತ್ತಿಗೆ, 1849ರಲ್ಲಿ, ಅಪ್ಪ ಸಂಸಾರವನ್ನು ಅಮೆರಿಕದ ವಿಸ್ಕಾನ್ಸಿನ್ ಕಾಡಿಗೆ ತಂದು ಬೇಸಾಯಕ್ಕೆ ಹಚ್ಚಿದ. ಡೇನಿಯಲ್ ಮ್ಯೂರ್ ಕಟ್ಟುನಿಟ್ಟಿನ ಧಾರ್ಮಿಕ, ಮಕ್ಕಳ ಬೆನ್ನು ಬಗ್ಗಿಸಿ ದುಡಿಸಿದವನು. ರಾತ್ರಿ ಪುಸ್ತಕ ಹಿಡಿದು ಕೂತರೆ ದೀಪ ಆರಿಸು ಎನ್ನುತ್ತಿದ್ದ. ಬೇಕಿದ್ದರೆ ಬೆಳಗ್ಗೆ ಬೇಗ ಎದ್ದು ಓದಿಕೋ ಎಂದ. ಹುಡುಗ ಆ ಮಾತನ್ನೇ ಹಿಡಿದ, ರಾತ್ರಿ ಒಂದು ಗಂಟೆಗೇ ಏಳತೊಡಗಿದ. ಕೊರೆಯುವ ಚಳಿಗಾಲ, ಬೆಂಕಿಗೆ ಕಟ್ಟಿಗೆ ಖರ್ಚಾದರೆ ಅಪ್ಪ ಬೈಯುತ್ತಾನೆ. ಅದಕ್ಕೆ ನೆಲಮನೆಗೆ ಇಳಿದು ಕೆಲಸಕ್ಕೆ ಕೂತ. ಸಲಕರಣೆಗಳನ್ನೂ ತಾನೇ ಮಾಡಿಕೊಂಡ. ಹೆಂಗಸರ ಹಳೆಯ ಬಿಗಿಕುಪ್ಪಸದಲ್ಲಿದ್ದ ಉಕ್ಕಿನ ಪಟ್ಟಿಗೆ ಹಲ್ಲು ಕೊಯ್ದು ಸಣ್ಣ ಗರಗಸ ಮಾಡಿದ. ಸವೆದ ಅರ, ತಂತಿ ತುಂಡುಗಳಿಂದ ಬೈರಿಗೆ, ಕೈವಾರ. ಮರದ ಹಲ್ಲುಚಕ್ರಗಳನ್ನು ಕಡೆದು ಗಡಿಯಾರ ಕಟ್ಟಿದ. ಅದಕ್ಕೆ ಮಂಚ ಜೋಡಿಸಿದ. ಹೊತ್ತಾದಾಗ ಮಂಚ ವಾಲಿ, ಮಲಗಿದವನನ್ನು ಕಾಲಮೇಲೆ ನಿಲ್ಲಿಸುತ್ತಿತ್ತು.

ನನಗೆ ಇವುಗಳಲ್ಲೆಲ್ಲ ಹೆಚ್ಚು ಪ್ರೀತಿ ಅವನ ಉಷ್ಣಮಾಪಕದ ಮೇಲೆ. ಗಾಡಿಯಿಂದ ಕಿತ್ತ ಸುಮಾರು 3 ಅಡಿ ಉದ್ದದ ಕಬ್ಬಿಣದ ಸರಳು. ಕಾದರೆ ಕಬ್ಬಿಣ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಆದರೆ ಕಣ್ಣಿಗೆ ಕಾಣದಷ್ಟು. ಅದಕ್ಕೆ ಪೀಪಾಯಿ ಪಟ್ಟಿಯ ಕಬ್ಬಿಣದಿಂದ ಸನ್ನೆಗಳ ಸಾಲು ಮಾಡಿ, ಒಂದರ ತುದಿ ಇನ್ನೊಂದರ ಬುಡವನ್ನು ತಳ್ಳುವಂತೆ ಜೋಡಿಸಿದ. ಅವನ ಲೆಕ್ಕದಲ್ಲಿ ಆ ಕದಲಿಕೆ ಸುಮಾರು 32,000 ಪಟ್ಟು ಹಿಗ್ಗಿ ಡಯಲಿನ ಮುಳ್ಳನ್ನು ತಿರುಗಿಸುತ್ತಿತ್ತು. ಯಾರಾದರೂ ನಾಲ್ಕೈದು ಅಡಿ ಹತ್ತಿರಕ್ಕೆ ಬಂದರೆ ಸಾಕು, ಅವರ ಮೈಯ ಬಿಸಿಗೆ ಮುಳ್ಳು ಅಲುಗುತ್ತಿತ್ತು. ಶಾಲೆ ಬಿಟ್ಟು ನೇಗಿಲು ಹಿಡಿದ ಹುಡುಗ ಮಾಡಿದ ಕೆಲಸ ಇದು. ಕಾಣದಷ್ಟು ಸಣ್ಣ ಚಲನೆಯನ್ನು ಕಾಣುವಂತೆ ಮಾಡುವುದು ಹೇಗೆ ಎಂಬುದನ್ನು ಅವನು ಆಗಲೇ ಕಂಡುಕೊಂಡಿದ್ದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅದೇ ಹೊಲದಲ್ಲಿ ಬಾವಿ ತೋಡಬೇಕಾಯಿತು. ಹತ್ತಡಿ ಕೆಳಗೆ ಮರಳುಗಲ್ಲು ಬಂತು. ಮದ್ದುಸಿಡಿತ ಸರಿಬರಲಿಲ್ಲ, ಹುಡುಗನ ಕೈಗೆ ಉಳಿ ಸುತ್ತಿಗೆ ಕೊಟ್ಟು ಬುಟ್ಟಿಯಲ್ಲಿ ಇಳಿಸಿದರು. ದಿನಾ ಬೆಳಗ್ಗೆ ಇಳಿಯುವುದು, ಕತ್ತಲಿಗೆ ಮೇಲೆ ಬರುವುದು, ಹೀಗೆ ಒಬ್ಬನೇ ಕೆತ್ತುತ್ತ 80 ಅಡಿ ಹೋದ. ಒಂದು ಬೆಳಗ್ಗೆ ತಳದಲ್ಲಿ ವಿಷಗಾಳಿ ತುಂಬಿತ್ತು. ಪ್ರಜ್ಞೆ ತಪ್ಪುವ ಹೊತ್ತಿಗೆ ಹೇಗೋ ಬುಟ್ಟಿ ಹತ್ತಿ ಬದುಕಿದ. ನೀರು ಸುರಿದು, ಹಗ್ಗಕ್ಕೆ ಸೊಪ್ಪಿನ ಕಟ್ಟು ಬಿಗಿದು ಏರಿಸಿ ಇಳಿಸಿ ಗಾಳಿ ಕಲಕಬೇಕೆಂದು ತೋರಿಸಿಕೊಟ್ಟವನು ಗಣಿಕೆಲಸ ಬಲ್ಲ ನೆರೆಯವನು. ಹುಡುಗ ಸುಧಾರಿಸಿಕೊಂಡ ಮೇಲೆ ಅಪ್ಪ ಅದೇ ಬಾವಿಗೆ ಮತ್ತೆ ಇಳಿಸಿದ. ನೀರು ಸಿಕ್ಕಿದ್ದು 90 ಅಡಿಗೆ.

1860ರಲ್ಲಿ ಮರದ ಗಡಿಯಾರಗಳನ್ನು ಹೊತ್ತುಕೊಂಡು ಮ್ಯಾಡಿಸನ್ನಿನ ಜಾತ್ರೆಗೆ ಹೋದ. ಜನ ಮುಗಿಬಿದ್ದು ನೋಡಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಎರಡೂವರೆ ವರ್ಷ ಓದಿದ. ಅಲ್ಲಿ ಅವನು ಕಟ್ಟಿದ ಓದುವ ಮೇಜು ಇವತ್ತಿಗೂ ಮ್ಯಾಡಿಸನ್ನಿನಲ್ಲಿ ಉಳಿದಿದೆ: ಗಡಿಯಾರ ನಡೆದಂತೆ ಒಂದೊಂದೇ ಪುಸ್ತಕ ಮೇಲೆ ಬಂದು ತೆರೆದುಕೊಂಡು, ಗೊತ್ತಾದ ಹೊತ್ತಿನ ಮೇಲೆ ಮುಚ್ಚಿ ಇಳಿಯುವ ಮೇಜು. ಅದೇ ಕಾಲೇಜಿನ ಅಂಗಳದಲ್ಲಿ ಸಹಪಾಠಿಯೊಬ್ಬ ಮರದ ಹೂವೊಂದನ್ನು ಕಿತ್ತು ಬಿಡಿಸಿ, ನೋಡು, ಇಷ್ಟೆತ್ತರದ ಮರ ಬಟಾಣಿಯ ಬಳ್ಳಿಗೆ ನೆಂಟ ಎಂದು ತೋರಿಸಿದ. ಮೊಗ್ಗಿನ ಒಳಗಿನ ಜೋಡಣೆ ನೋಡಿ ಹುಡುಗ ಹುಚ್ಚನಾದ. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಗೇರ್‌ಬಾಕ್ಸ್ ಬಿಚ್ಚಿ ಒಳಗಿನ ಹೊಂದಾಣಿಕೆ ಕಂಡು ಉಸಿರು ಬಿಗಿಹಿಡಿದ ಹುಡುಗರನ್ನು ನಾನು ಕಂಡಿದ್ದೇನೆ. ಅದೇ ಕಣ್ಣು.

ಆಮೇಲೆ ಕೆನಡಾದ ಮೀಫರ್ಡ್‌ನಲ್ಲಿ ಮರಗೆಲಸದ ಕಾರ್ಖಾನೆ. ಪೊರಕೆಯ ಹಿಡಿಕೋಲು 30,000 ಮಾಡಿಕೊಡುವ ಗುತ್ತಿಗೆಗೆ ಯಂತ್ರಗಳನ್ನು ತಿದ್ದಿ ಉತ್ಪಾದನೆ ಹೆಚ್ಚಿಸಿದ. 1866ರಲ್ಲಿ ಕಾರ್ಖಾನೆ ಸುಟ್ಟುಹೋಯಿತು, ಇಂಡಿಯಾನಾಪೊಲಿಸ್‌ಗೆ ಬಂದ. ಈ ಹೊತ್ತಿಗೆ ಅವನು ಒಳ್ಳೆಯ ಸಂಪಾದನೆಯ ದಾರಿಯಲ್ಲಿದ್ದ. ಆದರೂ ತಾನು ಮಾಡಿದ ಯಾವ ಸುಧಾರಣೆಗೂ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಂತ್ರದ ಉಪಾಯ ಎಲ್ಲ ಮನುಷ್ಯರಿಗೂ ಸೇರಿದ್ದು, ಹೊಳೆದದ್ದಕ್ಕೆ ಬಾಡಿಗೆ ಕೇಳಬಾರದು ಎಂಬುದು ಅವನ ನಿಲುವು.

ಆಗಲೇ ಆ ಅರದ ಮೊನೆ ಜಾರಿದ್ದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸುಮಾರು ನಾಲ್ಕು ವಾರ ಮಲಗಿದ. ಊರಿನ ಪರಿಚಯದ ಮನೆಗಳ ಮಕ್ಕಳು ಹೂ ಹಿಡಿದು ಬರುತ್ತಿದ್ದರು; ಕತ್ತಲಲ್ಲೇ ಅವರಿಗೆ ಕಥೆ ಹೇಳುತ್ತಿದ್ದ. ಇನ್ನು ಒಂದು ಹೂವನ್ನೂ ಕಾಣಲಾರೆ ಎಂದುಕೊಂಡಿದ್ದವನು ಮಕ್ಕಳನ್ನು ನಗಿಸುತ್ತಿದ್ದ ಕೋಣೆ ಅದು. ಕಣ್ಣು ನಿಧಾನವಾಗಿ ತಿರುಗಿ ಬಂತು. ಕಾರ್ಖಾನೆಯವರು ಅವನನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ, ಪಾಲುದಾರನಾಗುವ ದಾರಿಯೂ ತೆರೆದಿತ್ತು. ಅವನು ಒಲ್ಲೆ ಎಂದ. ಸೆಪ್ಟೆಂಬರಿನಲ್ಲಿ ಗಿಡಗಳನ್ನು ಒತ್ತಿಡುವ ಚೌಕಟ್ಟು ಬಗಲಿಗೆ ಹಾಕಿಕೊಂಡು ಕೆಂಟಕಿಯಿಂದ ದಕ್ಷಿಣಕ್ಕೆ ಹೊರಟು, ಸುಮಾರು 1,000 ಮೈಲಿ ನಡೆದು ಫ್ಲಾರಿಡಾದ ಸೀಡರ್ ಕೀ ಎಂಬ ಕಡಲತೀರಕ್ಕೆ ಬಂದ.

ಅಲ್ಲೇನು ಮಾಡಿದ ಗೊತ್ತೆ? ಮರ ಕೊಯ್ಯುವ ಗಿರಣಿಗೆ ಹೋಗಿ ಕೆಲಸ ಕೇಳಿದ. ಪುಲ್ಲಿ ಸರಿಯಾಗಿ ಕೂಡದೆ ಒಡೆಯ ಹಾಡ್ಜ್‌ಸನ್ ಪೇಚಾಡುತ್ತಿದ್ದ. ಇವನು ಮಾಡಿಕೊಡುತ್ತೇನೆ ಎಂದ. ಅಷ್ಟರಲ್ಲಿ ಮಲೇರಿಯಾ ಹಿಡಿದು ಎಚ್ಚರ ತಪ್ಪಿ ಬಿದ್ದ. ಗುರುತು ಪರಿಚಯವಿಲ್ಲದ ಈ ಕೂಲಿಯಾಳನ್ನು ಹಾಡ್ಜ್‌ಸನ್ ದಂಪತಿ ತಮ್ಮ ಮನೆಗೆ ಒಯ್ದು ವಾರಗಟ್ಟಲೆ ಆರೈಕೆ ಮಾಡಿ ಬದುಕಿಸಿದರು. ಅಲ್ಲಿಂದ ಕ್ಯೂಬಾ, ನ್ಯೂಯಾರ್ಕ್, ಪನಾಮಾ ಸುತ್ತಿ 1868ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದ. ಮುಂದಿನ ವರ್ಷ ಬೇಸಿಗೆಯಲ್ಲಿ ಕುರಿಮಂದೆಯ ಹಿಂದೆ ಸಿಯೆರಾ ಪರ್ವತ ಏರಿದ.

ಯೋಸೆಮಿಟಿಯಲ್ಲಿ ಮತ್ತೆ ಹೊಟ್ಟೆಪಾಡಿಗೆ ಅವನು ಹಿಡಿದದ್ದು ಗಿರಣಿಯನ್ನೇ. ಹೋಟೆಲಿನವನೊಬ್ಬನಿಗೆ ನೀರಿನ ಬಲದಿಂದ ಓಡುವ ಮರದ ಗಿರಣಿ ಕಟ್ಟಿ ನಡೆಸಿದ. ಕೊಯ್ದದ್ದು ಬಿರುಗಾಳಿಗೆ ತಾನಾಗಿ ಉರುಳಿದ್ದ ಮರಗಳನ್ನು. ನಿಂತ ಮರಕ್ಕೆ ಗರಗಸ ಇಡಲಿಲ್ಲ. ಗಿರಣಿಯ ಸೂರಿನಡಿ ಹಕ್ಕಿಗೂಡಿನ ಹಾಗೆ ತೂಗುವ ಒಂದು ಕೋಣೆ ಮಾಡಿಕೊಂಡು ಮಲಗುತ್ತಿದ್ದ. 1871ರಲ್ಲಿ ದೇಶದ ದೊಡ್ಡ ತತ್ತ್ವಜ್ಞಾನಿ ಎಮರ್ಸನ್ ಅವನನ್ನು ನೋಡಲು ಆ ಕೋಣೆಯ ಕಡಿದಾದ ಏಣಿ ಹತ್ತಿ ಬಂದು, ಅವನು ಕೂಡಿಟ್ಟ ಗಿಡ, ಬರೆದ ಚಿತ್ರಗಳನ್ನು ನೋಡಿದ.

ಯೋಸೆಮಿಟಿ ಕಣಿವೆ ಆಗಿದ್ದು ಹೇಗೆ ಎಂಬುದು ಆಗಿನ ಜಗಳ. ರಾಜ್ಯದ ಭೂವಿಜ್ಞಾನಿ ಜೋಸಯಾ ವಿಟ್ನಿ, ಭೂಮಿ ಕುಸಿದು ಕಣಿವೆಯ ನೆಲ ಕೆಳಗಿಳಿಯಿತು ಎಂದು ಬರೆದಿದ್ದ. ಬಂಡೆಯ ಮೈಮೇಲಿನ ನುಣುಪು, ಉದ್ದುದ್ದ ಗೀರುಗಳನ್ನು ಕಂಡ ಮ್ಯೂರ್, ಹಿಮನದಿ ಉಜ್ಜಿ ಉಜ್ಜಿ ಕೆತ್ತಿದ್ದು ಎಂದ. ಅರ ಹಾಕಿ ಲೋಹ ನುಣುಪು ಮಾಡಿದವನಿಗೆ ಗೀರು ಯಾವ ದಿಕ್ಕಿನಲ್ಲಿ ಹೋಗಿದೆ, ಎಷ್ಟು ಒತ್ತಡ ಬಿದ್ದಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ವಿಟ್ನಿಯ ಕಡೆಯವರು ಇವನನ್ನು ಕುರಿ ಕಾಯುವವನು ಎಂದು ತಳ್ಳಿಹಾಕಿದರು. ಇವನು ವಾದಕ್ಕೆ ನಿಲ್ಲದೆ ಅಳತೆಗೆ ಇಳಿದ. ಮೇಲಿನ ಶಿಖರಗಳ ಮಗ್ಗುಲಲ್ಲಿ ಅಳಿದುಳಿದ ಮಂಜುಗಡ್ಡೆಗಳಿದ್ದವು. ಅವು ಸುಮ್ಮನೆ ಬಿದ್ದ ಹಿಮವೋ, ಹರಿಯುವ ನದಿಯೋ? 1872ರ ಆಗಸ್ಟ್ 21ರಂದು ಮ್ಯಾಕ್ಲೂರ್ ಶಿಖರದ ಹಿಮನದಿಗೆ ಅಡ್ಡಲಾಗಿ ಒಂದೇ ಗೆರೆಯಲ್ಲಿ ಗೂಟಗಳನ್ನು ನೆಟ್ಟ. ಗೆರೆ ನೇರ ಇದೆಯೇ ಎಂದು ನೋಡಲು ದುರ್ಬೀನು ಎಲ್ಲಿಂದ ತರಬೇಕು? ಒಂದು ಕಲ್ಲಿಗೆ ಕುದುರೆಯ ಬಾಲದ ಕಪ್ಪು ಕೂದಲು ಕಟ್ಟಿ ತೂಗುಗುಂಡು ಮಾಡಿಕೊಂಡ. ನಮ್ಮ ಗಾರೆ ಮೇಸ್ತ್ರಿಗಳು ಗೋಡೆ ನೋಡುವುದು ಹೀಗೆಯೇ. 46 ದಿನ ಬಿಟ್ಟು ಹೋಗಿ ನೋಡಿದರೆ, ಅಂಚಿನ ಗೂಟ 11 ಅಂಗುಲ ಸರಿದಿತ್ತು, ನಡುವಿನದು 47 ಅಂಗುಲ. ಅಂಚಿನಲ್ಲಿ ನಿಧಾನ, ನಡುವೆ ವೇಗ: ನದಿ ಹರಿಯುವುದು ಹಾಗೆ. ದಿನಕ್ಕೆ ಒಂದು ಅಂಗುಲ, ನಿಂತು ನೋಡಿದರೆ ಕಾಣದ ಚಲನೆ. ನೆಲಮನೆಯ ಕಬ್ಬಿಣದ ಸರಳನ್ನು ನೆನಪಿಡಿ ಎಂದೆನಲ್ಲ, ಇದಕ್ಕೇ.

ಕಣಿವೆಯ ಕೆತ್ತನೆಯಲ್ಲಿ ನದಿಯ ಪಾಲೂ ದೊಡ್ಡದಿತ್ತು, ಹಿಮನದಿಯ ಪಾಲನ್ನು ಮ್ಯೂರ್ ತುಸು ಹಿಗ್ಗಿಸಿ ಹೇಳಿದ್ದ ಎಂದು ಮುಂದಿನವರು ತಿದ್ದಿದರು. ಆದರೆ ವಿಟ್ನಿಯ ಕುಸಿತದ ವಾದ ಉಳಿಯಲಿಲ್ಲ.

ಕರುಣೆಯ ಮಾತಿಗೆ ಬರುತ್ತೇನೆ. 1879ರಲ್ಲಿ ಸ್ಟಿಕೀನ್ ನದಿಯ ಸೀಮೆಯಲ್ಲಿ ಗ್ಲೆನೋರಾ ಶಿಖರವನ್ನು ಅವನೂ ಹಾಲ್ ಯಂಗ್ ಎಂಬ ಪಾದ್ರಿಯೂ ಏರುತ್ತಿದ್ದರು. ಹೊತ್ತು ಮುಳುಗುವ ಸಮಯ, ತುದಿ ಹತ್ತಿರ. ಯಂಗ್ ಕಾಲು ಜಾರಿ ಪ್ರಪಾತದ ಅಂಚಿಗೆ ಬಂದು ನಿಂತ. ಎರಡೂ ತೋಳು ಕೀಲು ತಪ್ಪಿದ್ದವು. ಮ್ಯೂರ್ ಸುತ್ತುಬಳಸಿ ಅವನ ಕೆಳಗೆ ಬಂದ. ಬಂಡೆ ಹಿಡಿಯಲು ಎರಡು ಕೈಯೂ ಬೇಕಾದಾಗ ಗೆಳೆಯನ ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಮೇಲಕ್ಕೆ ತಂದ. ಒಂದು ತೋಳನ್ನು ಕೀಲಿಗೆ ಕೂಡಿಸಿದ. ಇನ್ನೊಂದು ಕೂಡಲಿಲ್ಲ, ಕಟ್ಟಿದ. ರಾತ್ರಿಯೆಲ್ಲ ಅಲ್ಲಲ್ಲಿ ಬೆಂಕಿ ಹಾಕಿ ಬೆಚ್ಚಗೆ ಮಾಡುತ್ತ, ಹೊತ್ತು, ಆನಿಸಿಕೊಂಡು ಬೆಳಗಾಗುವ ಹೊತ್ತಿಗೆ ಕೆಳಗಿಳಿಸಿದ. ಅದನ್ನು ಯಂಗ್ ಬರೆದಿಟ್ಟ ರೀತಿಯಲ್ಲಿ ನನಗೆ ಕಾಣುವುದು ಧೈರ್ಯಕ್ಕಿಂತ ಹೆಚ್ಚಾಗಿ ಕೈಯ ನಯ. ನೋವಿರುವ ಜಾಗ ಯಾವುದು, ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ತಿಳಿದ ಕೈ.

1880ರ ಏಪ್ರಿಲ್‌ನಲ್ಲಿ ಮಾರ್ಟಿನೆಜ್ ಊರಿನ ಲೂಯಿ ಸ್ಟ್ರೆಂಟ್‌ಸೆಲ್‌ಳನ್ನು ಮದುವೆಯಾದ. ಮಾವ ವೈದ್ಯ, ಹಣ್ಣಿನ ತೋಟಗಾರ. ಮುಂದಿನ ಹತ್ತಿರ ಹತ್ತು ವರ್ಷ ಮ್ಯೂರ್ ಬೆಟ್ಟಕ್ಕಿಂತ ಹೆಚ್ಚು ತೋಟದಲ್ಲಿದ್ದ. ದ್ರಾಕ್ಷಿ, ಪೇರ್ ಬೆಳೆದು ಮನೆಯವರ ಬದುಕಿಗೆ ಸಾಕಷ್ಟು ಕೂಡಿಟ್ಟ. 1881ರಲ್ಲಿ ವಾಂಡಾ ಹುಟ್ಟಿದಳು, 1886ರಲ್ಲಿ ಹೆಲೆನ್. ಇಬ್ಬರಿಗೂ ಗಿಡಗಳ ಹೆಸರು ಹೇಳಿಕೊಡುತ್ತಿದ್ದ. ಕಿರಿಯವಳಿಗೆ ಎದೆಯ ಕಾಯಿಲೆ. ಅಪ್ಪನ ಜೀವ ಅವಳ ಮೇಲೆ. 1888ರಲ್ಲಿ ತೋಟದ ದುಡಿತದಲ್ಲಿ ಗಂಡ ಸೊರಗುತ್ತಿರುವುದನ್ನು ಕಂಡ ಲೂಯಿ, ಈ ತೋಟ ನಿನ್ನನ್ನು ತಿನ್ನುವುದಾದರೆ ತೋಟವೇ ಬೇಡ, ಬೆಟ್ಟಕ್ಕೆ ಹೋಗು, ಬರೆ ಎಂಬರ್ಥದಲ್ಲಿ ಕಾಗದ ಬರೆದಳು. ಕಾಡಿನ ಮ್ಯೂರ್‌ನನ್ನು ನಮಗೆ ಮರಳಿ ಕೊಟ್ಟವಳು ಅವಳು. ಅವನ ಹೊಗಳಿಕೆಯಲ್ಲಿ ಅವಳ ಹೆಸರು ಬರುವುದು ಕಡಿಮೆ, ಇವತ್ತು ನಾನು ಅದನ್ನು ಗಟ್ಟಿಯಾಗಿ ಹೇಳಬೇಕೆಂದಿದ್ದೆ.

1885ರಲ್ಲಿ ಅಪ್ಪನನ್ನು ಇನ್ನು ಕಾಣಲಾರೆನೇನೋ ಎಂಬ ಅಳುಕು ಹುಟ್ಟಿತು. ದೇಶ ದಾಟಿ ಹೋಗಿ, ಒಡಹುಟ್ಟಿದವರನ್ನು ಕೂಡಿಸಿಕೊಂಡು ಕ್ಯಾನ್ಸಸ್ ಸಿಟಿಯಲ್ಲಿ ಅಪ್ಪನ ಹಾಸಿಗೆಯ ಪಕ್ಕ ಕೂತ. ಅಕ್ಟೋಬರ್‌ನಲ್ಲಿ ಅಪ್ಪ ತೀರಿಕೊಂಡಾಗ ಮಗ ಅಲ್ಲೇ ಇದ್ದ. ವಿಷಗಾಳಿಯ ಬಾವಿಗೆ ತನ್ನನ್ನು ಮತ್ತೆ ಇಳಿಸಿದ ಅಪ್ಪ ಅವನು.

ಅವನಲ್ಲಿ ಕುಂದಿರಲಿಲ್ಲವೆಂದು ಹೇಳಿದರೆ ನಾನು ಸುಳ್ಳಾಡಿದಂತೆ. 1867ರ ನಡಿಗೆಯ ದಿನಚರಿಯಲ್ಲಿ ಕಪ್ಪು ಜನರ ಬಗ್ಗೆ, ಆಮೇಲೆ ಸಿಯೆರಾದ ಮೂಲನಿವಾಸಿಗಳ ಬಗ್ಗೆ ಅವನು ಬರೆದ ಮಾತುಗಳಲ್ಲಿ ಹೀನಾಯವಿದೆ. ಅವನು ಜನರಿಲ್ಲದ ಪವಿತ್ರ ಸ್ಥಳವೆಂದು ಕಂಡ ಯೋಸೆಮಿಟಿಯಿಂದ 1851ರಲ್ಲಿ ಅಲ್ಲಿನ ಅವಾನೀಚಿ ಜನರನ್ನು ಬಂದೂಕು ಹಿಡಿದು ಓಡಿಸಲಾಗಿತ್ತು. ಅವನ ಆ ಹೀನಾಯದ ಮಾತುಗಳನ್ನು ಸಿಯೆರಾ ಕ್ಲಬ್ಬೇ 2020ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ವಯಸ್ಸಾದಂತೆ, ಅಲಾಸ್ಕದ ಜನರೊಡನೆ ದೋಣಿಯಲ್ಲಿ ತಿಂಗಳುಗಟ್ಟಲೆ ಕಳೆದ ಮೇಲೆ, ಅವನ ಮಾತು ಮೆದುವಾಯಿತು. ಹಳೆಯದು ಹಾಗೇ ಉಳಿದಿದೆ. ಗೆಳೆಯನ ಕುಂದು ನನಗೆ ನೋವು ಕೊಡುತ್ತದೆ.

1903ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವನ ಜತೆ ಯೋಸೆಮಿಟಿಯಲ್ಲಿ ಮೂರು ರಾತ್ರಿ ಬಯಲಿನಲ್ಲಿ ಮಲಗಿದ. ಅದೇ ವರ್ಷ ಲೋಕ ಸುತ್ತಲು ಹೊರಟ ಮ್ಯೂರ್ ದೇವದಾರು ಮರ ನೋಡಲು ನಮ್ಮ ಹಿಮಾಲಯಕ್ಕೂ ಬಂದಿದ್ದ. 1905ರಲ್ಲಿ ಲೂಯಿ ತೀರಿಕೊಂಡಳು. 1913ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನೀರಿಗಾಗಿ ಹೆಚ್ ಹೆಚಿ ಕಣಿವೆಯನ್ನು ಮುಳುಗಿಸುವ ಕಾಯಿದೆ ಬಂತು. ವರ್ಷಗಟ್ಟಲೆ ಹೋರಾಡಿ ಸೋತ. ಶರಾವತಿಯ ಮುಳುಗಡೆ ಕಂಡ ಮನೆಗಳವರಿಗೆ ಆ ಸೋಲನ್ನು ನಾನು ವಿವರಿಸಬೇಕಿಲ್ಲ. 1914ರ ಡಿಸೆಂಬರ್‌ನಲ್ಲಿ ಮರುಭೂಮಿಯ ಅಂಚಿನಲ್ಲಿದ್ದ ಹೆಲೆನ್‌ಳನ್ನು ನೋಡಲು ಹೋದವನಿಗೆ ನ್ಯುಮೋನಿಯಾ ಆಯಿತು. 24ರಂದು ಲಾಸ್ ಏಂಜಲಿಸ್‌ನ ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಅಲಾಸ್ಕದ ಹಿಮನದಿಗಳ ಬಗ್ಗೆ ಬರೆಯುತ್ತಿದ್ದ ಹಾಳೆಗಳು ಹತ್ತಿರದಲ್ಲಿದ್ದವು.

ಒಂದು ಘಟನೆಯನ್ನು ಬಾಕಿ ಇಟ್ಟುಕೊಂಡಿದ್ದೆ. ಸೀಡರ್ ಕೀಯ ಜ್ವರ ಕಳೆದು ಮೂವತ್ತೊಂದು ವರ್ಷದ ಮೇಲೆ, 1898ರಲ್ಲಿ, ಮ್ಯೂರ್ ಮತ್ತೆ ಫ್ಲಾರಿಡಾಕ್ಕೆ ಹೋದ. ಆಗ ಅವನಿಗೆ 60 ವರ್ಷ, ಎದೆಯುದ್ದ ಗಡ್ಡ, ದೇಶಕ್ಕೆಲ್ಲ ಗೊತ್ತಾದ ಹೆಸರು. ಆ ಗಿರಣಿಯವರನ್ನು ಹುಡುಕಿಕೊಂಡು ಹೋದ. ಹಾಡ್ಜ್‌ಸನ್ ಬದುಕಿರಲಿಲ್ಲ. ಹೆಂಡತಿ ಬೇರೆ ಊರಿನಲ್ಲಿದ್ದಾಳೆಂದು ತಿಳಿದು ಅಲ್ಲಿಗೆ ಹೋದರೆ, ತಲೆ ಬೆಳ್ಳಗಾದ ಆಕೆ ಹಿತ್ತಲಲ್ಲಿದ್ದಳು. ನನ್ನ ಗುರುತು ಸಿಕ್ಕಿತೆ ಎಂದು ಕೇಳಿದ. ಇಲ್ಲ, ಹೆಸರು ಹೇಳಿ ಎಂದಳು. ಹೇಳಿದ. ಆಕೆ ಹೆಚ್ಚುಕಡಿಮೆ ಕೂಗಿಯೇಬಿಟ್ಟಳು, ಕ್ಯಾಲಿಫೋರ್ನಿಯಾದ ನಮ್ಮ ಜಾನ್ ಮ್ಯೂರೇ ಎಂದು. ಕಾಯಿಲೆಯ ಹುಡುಗ ಎದ್ದು ಹೋಗುವಾಗ, ಸುಮಾರು ಇಪ್ಪತ್ತೈದು ವರ್ಷದಲ್ಲಿ ಮತ್ತೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದನಂತೆ. ಸ್ವಲ್ಪ ತಡವಾಯಿತು ಎಂದು ಆಕೆಗೆ ಹೇಳಿದ.